ರೌಟರ್ ಹಿಂದೆ ಇನ್ನೊಂದು ರೌಟರ್: ಒಳಗಿನದರಲ್ಲಿ ವಿಪಿಎನ್ ಹಾಕುವ ಬಗೆ

"ಕಂಪನಿಯವರು ಕೂರಿಸಿ ಹೋದ ವೈ-ಫೈ ಡಬ್ಬಿ ಮನೆಯಲ್ಲಿದೆ. ಅದರ ಹಿಂದೆ ನನ್ನದೇ ರೌಟರ್ ಜೋಡಿಸಿ ವಿಪಿಎನ್ ಹಾಕಬಹುದಾ? ಹಾಕಿ ನೋಡಿದೆ, ನೆಟ್ ಬರ್ತಾ ಇಲ್ಲ."

ಈ ಒಂದೇ ಪ್ರಶ್ನೆ ಬೇರೆ ಬೇರೆ ಮಂದಿಯಿಂದ ಬರುತ್ತಲೇ ಇದೆ. ಧಾರವಾಡದ ಸಪ್ತಾಪುರದಲ್ಲಿ ಪಿಜಿಯಲ್ಲಿದ್ದು ಪರೀಕ್ಷೆಗೆ ಓದುವವರು ಕೇಳುತ್ತಾರೆ. ಹುಬ್ಬಳ್ಳಿಯ ವಿದ್ಯಾನಗರ, ಗೋಕುಲ ರಸ್ತೆ ಕಡೆ ಮನೆಯಲ್ಲಿ ಕೂತು ಬೆಂಗಳೂರಿನ ಕೆಲಸ ಮಾಡುವವರು ಕೇಳುತ್ತಾರೆ. ಬ್ಯಾಡಗಿಯ ದಲಾಲಿ ಅಂಗಡಿಯವರದು ಇದರ ತಿರುವು: "ಮನೆಯಿಂದ ಅಂಗಡಿಯ ಕಂಪ್ಯೂಟರ್ ನೋಡೋದು ಹೇಗೆ?" ಎಲ್ಲರಿಗೂ ಸೇರಿಸಿ ಬರೆಯುತ್ತಿದ್ದೇನೆ.

ಉತ್ತರ ಮೊದಲೇ ಹೇಳಿಬಿಡುತ್ತೇನೆ. ಹಾಕಬಹುದು. ಕಂಪನಿಯ ಡಬ್ಬಿಯ ಸೆಟ್ಟಿಂಗ್ ಮುಟ್ಟುವುದೇ ಬೇಡ. ನನ್ನ ಪ್ರಕಾರ ಮನೆಗೆ ವಿಪಿಎನ್ ಹಾಕುವ ಒಳ್ಳೆಯ ದಾರಿಯೇ ಇದು. ಯಾಕೆ ಅಂದರೆ ಮನೆಯಲ್ಲಿ ಎರಡು ವೈ-ಫೈ ಉಳಿಯುತ್ತವೆ. ಹೊರಗಿನ ಡಬ್ಬಿಯ ವೈ-ಫೈ ಮೊದಲಿನ ಹಾಗೇ ಇರುತ್ತದೆ. ಟಿವಿ, ಬ್ಯಾಂಕಿನ ಆ್ಯಪ್, ಅವ್ವನ ಫೋನು ಎಲ್ಲ ಅದರಲ್ಲೇ ಇರಲಿ. ಒಳಗಿನ ರೌಟರಿನ ವೈ-ಫೈ ಮಾತ್ರ ವಿಪಿಎನ್ ಮೂಲಕ ಹೋಗುತ್ತದೆ. ವಿಪಿಎನ್ ಕೆಟ್ಟ ದಿನ ಮನೆಯ ನೆಟ್ ನಿಲ್ಲುವುದಿಲ್ಲ. ಇದು ದೊಡ್ಡ ಅನುಕೂಲ.

ಮುಂದೆ ಕಂಪನಿಯ ಡಬ್ಬಿಗೆ "ಹೊರ ರೌಟರ್" ಅಂತಲೂ, ನಿಮ್ಮದಕ್ಕೆ "ಒಳ ರೌಟರ್" ಅಂತಲೂ ಕರೆಯುತ್ತೇನೆ.

ಮೊದಲು ಎರಡು ಮಾತು ತಿಳಿದಿರಲಿ

ವಿಪಿಎನ್ ಅಂದರೆ ನಿಮ್ಮ ರೌಟರಿನಿಂದ ದೂರದ ಒಂದು ಸರ್ವರ್ ತನಕ ಹಾಕಿದ ಸುರಂಗ. ಒಳಗೆ ಹೋಗುವುದೆಲ್ಲ ಗೂಢಲಿಪಿಯಲ್ಲಿ ಹೋಗುತ್ತದೆ. ನೀವು ಯಾವ ಸೈಟ್ ತೆರೆದಿರಿ ಅನ್ನುವುದು ಪಿಜಿ ಮಾಲೀಕರಿಗಾಗಲಿ ನೆಟ್ ಕಂಪನಿಗಾಗಲಿ ಕಾಣುವುದಿಲ್ಲ. ಆದರೆ ಸುರಂಗದ ಆ ತುದಿಯಲ್ಲಿ ಕೂತ ವಿಪಿಎನ್ ಕಂಪನಿಗೆ ಕಾಣುತ್ತದೆ. ನಂಬಿಕೆ ಒಬ್ಬರಿಂದ ಇನ್ನೊಬ್ಬರಿಗೆ ದಾಟುತ್ತದೆ, ಅಷ್ಟೇ. ಅದಕ್ಕೇ ಯಾರೋ ಸುಮ್ನೆ ಪುಕ್ಕಟೆ ಕೊಡುವ, ಹೆಸರು ಕೇಳದ ವಿಪಿಎನ್ ಬೇಡ ಅನ್ನುತ್ತೇನೆ. ಇನ್ನು ಗೂಗಲ್‌ಗೆ ಲಾಗಿನ್ ಆಗಿದ್ದರೆ ವಿಪಿಎನ್ ಇದ್ದರೂ ಅದಕ್ಕೆ ನೀವು ಯಾರೆಂದು ಗೊತ್ತೇ ಇರುತ್ತದೆ.

ಎರಡನೆಯದು ನ್ಯಾಟ್. ಹುಬ್ಬಳ್ಳಿಯ ಹಳೇ ಚಾಳಗಳಲ್ಲಿ ಹತ್ತು ಸಂಸಾರಕ್ಕೆ ಹೊರಗೆ ಒಂದೇ ವಿಳಾಸ ಇರುತ್ತದೆ ಅಲ್ವಾ? ಯಾರು ಪತ್ರ ಹಾಕಿದರು ಅಂತ ಬಾಗಿಲಲ್ಲಿ ಒಬ್ಬರು ಗುರುತಿಟ್ಟುಕೊಂಡು, ಉತ್ತರ ಬಂದಾಗ ಅವರ ಖೋಲಿಗೇ ಮುಟ್ಟಿಸಿದ ಹಾಗೆ. ರೌಟರ್ ಮಾಡುವ ಈ ಕೆಲಸಕ್ಕೇ ನ್ಯಾಟ್ ಅನ್ನುತ್ತಾರೆ. ರೌಟರ್ ಹಿಂದೆ ರೌಟರ್ ಇಟ್ಟರೆ ಬಾಗಿಲು ಎರಡಾಗುತ್ತವೆ. ಇದಕ್ಕೆ ಡಬಲ್ ನ್ಯಾಟ್ ಅಂತ ಹೆಸರು, ಬಹಳ ಮಂದಿ ಈ ಹೆಸರು ಕೇಳಿಯೇ ಹೆದರುತ್ತಾರೆ. ಒಳಗಿನಿಂದ ಹೊರಟ ಪತ್ರಕ್ಕೆ ಎರಡು ಬಾಗಿಲಿದ್ದರೂ ತೊಂದರೆ ಇಲ್ಲ, ಉತ್ತರ ಬಂದ ದಾರಿಯಲ್ಲೇ ಮರಳುತ್ತದೆ. ಹೊರಗಿನ ಅಪರಿಚಿತ ತಾನಾಗಿ ಹುಡುಕಿಕೊಂಡು ಬರಬೇಕಾದಾಗ ಮಾತ್ರ ಕಷ್ಟ. ನಾವು ಈಗ ಮಾಡುವುದು ಹೊರಗೆ ಹೋಗುವ ವಿಪಿಎನ್. ಹೀಗಾಗಿ ಹೊರ ರೌಟರಿನಲ್ಲಿ ಯಾವ ಪೋರ್ಟೂ (ಹೊರಗಿನವರು ಒಳಗೆ ಬರಲು ಬಿಡುವ, ನಂಬರ್ ಇರುವ ಕಿಂಡಿ) ತೆರೆಯಬೇಕಿಲ್ಲ.

ಏನೇನು ಬೇಕು

ವಿಪಿಎನ್ ಕ್ಲೈಂಟ್ ಇರುವ ರೌಟರ್ ಬೇಕು. ಕೊಪ್ಪೀಕರ ರಸ್ತೆಯಲ್ಲಾಗಲಿ ಆನ್‌ಲೈನಿನಲ್ಲಾಗಲಿ, ಕೊಳ್ಳುವಾಗ ಹೆಚ್ಚು ಮಂದಿ ಮೋಸಹೋಗುವುದು ಇಲ್ಲಿಯೇ. ಪೆಟ್ಟಿಗೆ ಮೇಲೆ "ವಿಪಿಎನ್" ಅಂತ ಬರೆದಿದ್ದರೆ ಸಾಲದು. "ವಿಪಿಎನ್ ಪಾಸ್‌ಥ್ರೂ" ಅಂದರೆ ನಿಮ್ಮ ಲ್ಯಾಪ್‌ಟಾಪಿನ ವಿಪಿಎನ್ ಹೋಗಲು ಬಿಡುತ್ತೇನೆ ಅಂತ ಅಷ್ಟೇ. "ವಿಪಿಎನ್ ಸರ್ವರ್" ಅಂದರೆ ಹೊರಗಿನಿಂದ ಮನೆಗೆ ಬರುವ ದಾರಿ. ನಮಗೆ ಬೇಕಾದದ್ದು "ವಿಪಿಎನ್ ಕ್ಲೈಂಟ್". ಏಸಸ್‌ನ ಬಹಳಷ್ಟು ಮಾಡೆಲ್‌ಗಳಲ್ಲಿ, ಟಿಪಿ-ಲಿಂಕ್ ಆರ್ಚರ್‌ನ ಕೆಲವು ಮಾಡೆಲ್‌ಗಳಲ್ಲಿ ಇದು ಇದೆ. ಜಿಎಲ್-ಐನೆಟ್‌ನ ಚಿಕ್ಕ ರೌಟರ್‌ಗಳು ಇದೇ ಕೆಲಸಕ್ಕೆ ತಯಾರಾಗಿ ಬರುತ್ತವೆ. ಹೊಸಬರಿಗೆ ನಾನು ಹೇಳುವುದು ಅದನ್ನೇ.

ಹಳೇ ರೌಟರ್ ಮನೆಯಲ್ಲಿದ್ದರೆ ಅದಕ್ಕೆ ಓಪನ್‌ಡಬ್ಲ್ಯೂಆರ್‌ಟಿ ಹಾಕಬಹುದು. ಅದು ರೌಟರಿಗಾಗಿಯೇ ಮಾಡಿದ, ಪುಕ್ಕಟೆ ಸಿಗುವ ಲಿನಕ್ಸ್ ತಂತ್ರಾಂಶ. ಆದರೆ ಮಾಡೆಲ್ ನಂಬರ್ ಜೊತೆಗೆ ರೌಟರಿನ ಬೆನ್ನ ಮೇಲಿನ ಆವೃತ್ತಿಯನ್ನೂ (ವಿ1, ವಿ2, ವಿ4 ಹೀಗೆ) ನೋಡಿ. ಒಂದೇ ಹೆಸರಿನ ರೌಟರಿನ ಎರಡು ಆವೃತ್ತಿಗಳಲ್ಲಿ ಚಿಪ್ ಬೇರೆಯೇ ಇರಬಹುದು. ತಪ್ಪು ಫೈಲ್ ಹಾಕಿದರೆ ರೌಟರ್ ಮತ್ತೆ ಏಳದೇ ಹೋಗಬಹುದು.

ವೈರ್‌ಗಾರ್ಡ್ ಫೈಲ್ ಕೊಡುವ ವಿಪಿಎನ್ ಖಾತೆ ಬೇಕು. ವಿಪಿಎನ್‌ಗಳಲ್ಲಿ ಎರಡು ಪದ್ಧತಿ ಜಾಸ್ತಿ ಬಳಕೆಯಲ್ಲಿವೆ: ಓಪನ್‌ವಿಪಿಎನ್ ಮತ್ತು ವೈರ್‌ಗಾರ್ಡ್. ಓಪನ್‌ವಿಪಿಎನ್ 2001ರಿಂದ ಇರುವ ಹಳೇ ಕುದುರೆ. ರೌಟರಿನ ಸಣ್ಣ ಪ್ರೊಸೆಸರ್ ಮೇಲೆ ಅದರ ಭಾರ ಜಾಸ್ತಿ. 100 ಎಂಬಿಪಿಎಸ್ ಲೈನ್ ಇದ್ದರೂ ಅಗ್ಗದ ರೌಟರಿನಲ್ಲಿ 15-20 ಎಂಬಿಪಿಎಸ್ ಆಸುಪಾಸಿಗೆ ನಿಲ್ಲಬಹುದು. ವೈರ್‌ಗಾರ್ಡ್ ಹಗುರ. 2020ರಲ್ಲಿ ಲಿನಕ್ಸ್ 5.6ರ ಕರ್ನಲ್ಲಿಗೇ, ಅಂದರೆ ಅದರ ತಿರುಳಿಗೇ, ಸೇರಿತು. ರೌಟರಿಗೆ ವೈರ್‌ಗಾರ್ಡ್ ಆರಿಸಿ, ಎರಡು ಸಲ ಯೋಚಿಸಬೇಡಿ. ಮಲ್‌ವಾಡ್, ಪ್ರೋಟಾನ್ ಮುಂತಾದವು ತಮ್ಮ ಸೈಟಿನಲ್ಲಿ ವೈರ್‌ಗಾರ್ಡ್ ಫೈಲನ್ನು ಇಳಿಸಿಕೊಳ್ಳಲು ಕೊಡುತ್ತವೆ.

ಸರ್ವರ್ ಹತ್ತಿರದ್ದಿರಲಿ. ಅಮೆರಿಕದ್ದು ಆರಿಸಿದರೆ ಪ್ರತಿ ಕ್ಲಿಕ್ಕೂ ಸಮುದ್ರ ದಾಟಿ ಬರಬೇಕು. ಇಲ್ಲಿ ಒಂದು ಸಂಗತಿ ಇದೆ. 2022ರ ಏಪ್ರಿಲ್ 28ರಂದು ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್ ಒಂದು ಆದೇಶ ಹೊರಡಿಸಿತು. ವಿಪಿಎನ್ ಕೊಡುವವರು ಗ್ರಾಹಕರ ಹೆಸರು, ವಿಳಾಸ, ಐಪಿ (ನೆಟ್‌ನಲ್ಲಿ ಯಂತ್ರಕ್ಕಿರುವ ವಿಳಾಸದ ನಂಬರ್) ವಿವರಗಳನ್ನು 5 ವರ್ಷ ಇಟ್ಟುಕೊಳ್ಳಬೇಕು ಅಂತ. ಆಮೇಲೆ ಹಲವು ಕಂಪನಿಗಳು ತಮ್ಮ ಸರ್ವರ್‌ಗಳನ್ನು ಭಾರತದಿಂದ ತೆಗೆದವು. ಹೀಗಾಗಿ ಪಟ್ಟಿಯಲ್ಲಿ "ಇಂಡಿಯಾ" ಅಂತ ಇದ್ದರೂ ಯಂತ್ರ ಸಿಂಗಾಪುರದಲ್ಲಿ ಕೂತಿರಬಹುದು. ಆ ಆದೇಶ ವಿಪಿಎನ್ ಕೊಡುವವರಿಗೆ ಹಾಕಿದ ನಿಯಮ. ನೀವು ಬಳಸಬಾರದು ಅಂತ ಅದರಲ್ಲಿಲ್ಲ.

ಇಷ್ಟಲ್ಲದೆ ಒಂದು ನೆಟ್‌ವರ್ಕ್ ಕೇಬಲ್ (ಕ್ಯಾಟ್ 5ಇ ಸಾಕು), ಒಂದು ಲ್ಯಾಪ್‌ಟಾಪ್, ಬಿಡುವಾದ ಒಂದು ಮಧ್ಯಾಹ್ನ.

1. ಹೊರ ರೌಟರಿನ ವಿಳಾಸ ಬರೆದುಕೊಳ್ಳಿ

ಲ್ಯಾಪ್‌ಟಾಪನ್ನು ಹೊರ ರೌಟರಿನ ವೈ-ಫೈಗೆ ಸೇರಿಸಿ, ನೆಟ್‌ವರ್ಕ್ ವಿವರಗಳಲ್ಲಿ "ಗೇಟ್‌ವೇ" ನೋಡಿ. 192.168.1.1 ಇರುವುದು ಜಾಸ್ತಿ. ಜಿಯೋ ಡಬ್ಬಿಯಲ್ಲಿ 192.168.29.1 ಇರುತ್ತದೆ.

2. ಒಳ ರೌಟರಿಗೆ ಬೇರೆ ವಿಳಾಸ ಕೊಡಿ

ಕೇಬಲ್ ಜೋಡಿಸುವ ಮೊದಲೇ ಇದನ್ನು ಮಾಡಿ. "ನೆಟ್ ಬರ್ತಾ ಇಲ್ಲ" ಅನ್ನುವವರಲ್ಲಿ ಬಹಳ ಮಂದಿ ಎಡವುವುದು ಇಲ್ಲಿ. ಓಪನ್‌ಡಬ್ಲ್ಯೂಆರ್‌ಟಿಯ ಮೂಲ ವಿಳಾಸವೂ 192.168.1.1. ಎರಡೂ ಬಾಗಿಲಿಗೆ ಒಂದೇ ನಂಬರ್ ಆದರೆ ಒಳ ರೌಟರಿಗೆ ಹೊರಗೆ ಯಾವುದು, ಒಳಗೆ ಯಾವುದು ತಿಳಿಯುವುದಿಲ್ಲ. ಲ್ಯಾಪ್‌ಟಾಪನ್ನು ಒಳ ರೌಟರಿನ ಲ್ಯಾನ್ ಪೋರ್ಟಿಗೆ (ಮನೆಯೊಳಗಿನ ಯಂತ್ರಗಳಿಗೆ ಇರುವ ಕೇಬಲ್ ತೂತು) ಕೇಬಲ್‌ನಿಂದ ಜೋಡಿಸಿ. (ಹೊಸದಾಗಿ ಓಪನ್‌ಡಬ್ಲ್ಯೂಆರ್‌ಟಿ ಹಾಕಿದ್ದರೆ ಸಾಮಾನ್ಯವಾಗಿ ವೈ-ಫೈ ಆಫ್ ಇರುತ್ತದೆ, ಗಾಬರಿ ಬೇಡ.) ಲ್ಯಾನ್ ವಿಳಾಸವನ್ನು 192.168.50.1 ಮಾಡಿ. ಉಳಿಸಿದ ಮೇಲೆ ಹೊಸ ವಿಳಾಸದಲ್ಲೇ ಮತ್ತೆ ಒಳಗೆ ಹೋಗಬೇಕು. ಹಾಗೆಯೇ ಅಡ್ಮಿನ್ ಪಾಸ್‌ವರ್ಡ್ ಬದಲಿಸಿ, ವೈ-ಫೈಗೆ ಬೇರೆ ಹೆಸರು ಕೊಡಿ. ಎರಡಕ್ಕೂ ಒಂದೇ ಹೆಸರಿದ್ದರೆ ಫೋನು ಯಾವುದಕ್ಕೆ ಸೇರಿದೆ ಅಂತ ನಿಮಗೇ ತಿಳಿಯುವುದಿಲ್ಲ.

3. ಕೇಬಲ್: ಲ್ಯಾನ್‌ನಿಂದ ವ್ಯಾನ್‌ಗೆ

ಹೊರ ರೌಟರಿನ ಲ್ಯಾನ್ ಪೋರ್ಟಿನಿಂದ ಒಳ ರೌಟರಿನ ವ್ಯಾನ್ ಪೋರ್ಟಿಗೆ. ವ್ಯಾನ್ ಅಂದರೆ ಹೊರಗಿನ ನೆಟ್ ಬರುವ ತೂತು. ಸಾಮಾನ್ಯವಾಗಿ ಬೇರೆ ಬಣ್ಣದಲ್ಲಿ ಇರುತ್ತದೆ, ಕೆಲವದರಲ್ಲಿ "ಇಂಟರ್ನೆಟ್" ಅಂತ ಬರೆದಿರುತ್ತದೆ. ವ್ಯಾನ್ ಸೆಟ್ಟಿಂಗ್ "ಡಿಎಚ್‌ಸಿಪಿ" ಅಥವಾ "ಡೈನಾಮಿಕ್ ಐಪಿ" ಇರಲಿ, ಅಂದರೆ ವಿಳಾಸ ಹೊರ ರೌಟರಿನಿಂದ ತಾನಾಗಿ ಸಿಗುತ್ತದೆ. ನೆಟ್ ಕಂಪನಿಗೆ ಲಾಗಿನ್ ಆಗುವ ಪಿಪಿಪಿಒಇ ಹೆಸರು, ಪಾಸ್‌ವರ್ಡ್ ಇಲ್ಲಿ ಹಾಕಬೇಡಿ. ಆ ಕೆಲಸ ಹೊರ ರೌಟರ್ ಆಗಲೇ ಮಾಡುತ್ತಿದೆ.

ಪಿಜಿಯಲ್ಲಿ ಇರುವವರು ಇಲ್ಲಿ ಜಾಸ್ತಿ ಎಚ್ಚರದಿಂದಿರಿ. ಗೋಡೆಯಿಂದ ಬಂದ ಕೇಬಲನ್ನು ತಪ್ಪಿ ನಿಮ್ಮ ರೌಟರಿನ ಲ್ಯಾನ್ ಪೋರ್ಟಿಗೆ ಹಾಕಿದರೆ, ನಿಮ್ಮ ರೌಟರ್ ಇಡೀ ಪಿಜಿಗೆ ಐಪಿ ವಿಳಾಸ ಹಂಚಲು ಶುರು ಮಾಡುತ್ತದೆ. ಪಕ್ಕದ ಖೋಲಿಯವರ ನೆಟ್ ಹೋಗುತ್ತದೆ, ಯಾಕೆ ಅಂತ ಯಾರಿಗೂ ತಿಳಿಯುವುದಿಲ್ಲ. ಮಾಲೀಕರಿಗೆ ಒಂದು ಮಾತು ಹೇಳಿಯೇ ಜೋಡಿಸಿ. ಕೇಬಲ್ ಇಲ್ಲ, ಬರೀ ವೈ-ಫೈ ಇದೆ ಅಂದರೆ ಒಳ ರೌಟರಿನಲ್ಲಿ "ಡಬ್ಲ್ಯೂಐಎಸ್‌ಪಿ" ಮೋಡ್ ಇದೆಯಾ ನೋಡಿ. ಜಿಎಲ್-ಐನೆಟ್‌ನಲ್ಲಿ ಅದಕ್ಕೆ "ರಿಪೀಟರ್" ಅನ್ನುತ್ತಾರೆ. ಪಿಜಿಯ ವೈ-ಫೈಯನ್ನೇ ಅದು ವ್ಯಾನ್ ಹಾಗೆ ಬಳಸುತ್ತದೆ.

"ಆಕ್ಸೆಸ್ ಪಾಯಿಂಟ್ ಮೋಡ್" ಮಾತ್ರ ಆರಿಸಬೇಡಿ. ಆ ಮೋಡಿನಲ್ಲಿ ರೌಟರ್ ಬರೀ ವೈ-ಫೈ ಹರಡುತ್ತದೆ, ವಿಪಿಎನ್ ಕ್ಲೈಂಟ್ ಕೆಲಸ ಮಾಡುವುದಿಲ್ಲ.

4. ವಿಪಿಎನ್ ಇಲ್ಲದೆ ನೆಟ್ ಬರುತ್ತಾ ನೋಡಿ

ಇದನ್ನು ಹಾರಿಸಬೇಡಿ. ಒಳ ರೌಟರಿನ ವೈ-ಫೈಗೆ ಫೋನ್ ಸೇರಿಸಿ ನಾಲ್ಕು ಸೈಟ್ ತೆರೆಯಿರಿ. ಇಲ್ಲೇ ಬರದಿದ್ದರೆ ತಪ್ಪು 2 ಅಥವಾ 3ರಲ್ಲಿದೆ, ವಿಪಿಎನ್‌ನಲ್ಲಿ ಇಲ್ಲ.

5. ವೈರ್‌ಗಾರ್ಡ್ ಫೈಲ್ ಹಾಕಿ

ಜಿಎಲ್-ಐನೆಟ್, ಏಸಸ್‌ಗಳಲ್ಲಿ "ವಿಪಿಎನ್ ಕ್ಲೈಂಟ್" ಪುಟಕ್ಕೆ ಹೋಗಿ ಫೈಲ್ ಏರಿಸಿದರೆ ಮುಗಿಯಿತು. ಓಪನ್‌ಡಬ್ಲ್ಯೂಆರ್‌ಟಿಯಲ್ಲಿ ಸ್ವಲ್ಪ ಜಾಸ್ತಿ ಕೆಲಸ. "ಸಾಫ್ಟ್‌ವೇರ್" ಪುಟದಲ್ಲಿ ಲೂಸಿ-ಪ್ರೋಟೋ-ವೈರ್‌ಗಾರ್ಡ್ ಎಂಬ ಪ್ಯಾಕೇಜ್ ಹುಡುಕಿ ಹಾಕಿ, ರೌಟರ್ ಆಫ್ ಮಾಡಿ ಆನ್ ಮಾಡಿ. ಆಮೇಲೆ "ಇಂಟರ್‌ಫೇಸಸ್" ಪುಟದಲ್ಲಿ ಹೊಸ ಇಂಟರ್‌ಫೇಸ್ ಸೇರಿಸಿ, ಪ್ರೋಟೋಕಾಲ್ "ವೈರ್‌ಗಾರ್ಡ್ ವಿಪಿಎನ್" ಆರಿಸಿ, "ಲೋಡ್ ಕಾನ್ಫಿಗರೇಶನ್" ಒತ್ತಿ ಫೈಲ್ ಕೊಡಿ.

ಫೈಲಿನಲ್ಲಿ ಇರುವುದೇನು ಅಂತ ತಿಳಿದಿದ್ದರೆ ಒಳ್ಳೆಯದು. "ಪ್ರೈವೇಟ್ ಕೀ" ನಿಮ್ಮ ಗುಟ್ಟಿನ ಕೀಲಿ, ಯಾರಿಗೂ ಕಳಿಸಬೇಡಿ. ಸಹಾಯ ಕೇಳುವಾಗ ಇಡೀ ಫೈಲಿನ ಫೋಟೋ ತೆಗೆದು ಗ್ರೂಪಿಗೆ ಹಾಕುವವರಿದ್ದಾರೆ. ಹಾಗೆ ಹಾಕಿದ್ದರೆ ಈಗಲೇ ಆ ಕೀಲಿ ರದ್ದು ಮಾಡಿ ಹೊಸದು ಪಡೆಯಿರಿ. "ಎಂಡ್‌ಪಾಯಿಂಟ್" ಅಂದರೆ ಸರ್ವರಿನ ವಿಳಾಸ ಮತ್ತು ಪೋರ್ಟ್. "ಅಲೌಡ್ ಐಪೀಸ್" ಅಂದರೆ ಯಾವ ಯಾವ ವಿಳಾಸಕ್ಕೆ ಹೋಗುವುದು ಸುರಂಗಕ್ಕೆ ಇಳಿಯಬೇಕು ಅಂತ. 0.0.0.0/0 ಅಂದರೆ ಎಲ್ಲವೂ.

ಓಪನ್‌ಡಬ್ಲ್ಯೂಆರ್‌ಟಿಯಲ್ಲಿ ಪೀರ್ (ಸುರಂಗದ ಆ ತುದಿಯ ಸರ್ವರಿನ ವಿವರ) ತೆರೆದು "ರೂಟ್ ಅಲೌಡ್ ಐಪೀಸ್" ಎಂಬ ಚೌಕಕ್ಕೆ ಟಿಕ್ ಹಾಕಿ. ಇದು ಇಲ್ಲದಿದ್ದರೆ ಸುರಂಗ ಏಳುತ್ತದೆ, ಅದರೊಳಗೆ ಏನೂ ಹೋಗುವುದಿಲ್ಲ. ಎಲ್ಲ ಸರಿ ಕಾಣುತ್ತದೆ, ಐಪಿ ಮಾತ್ರ ಹಳೆಯದೇ ತೋರಿಸುತ್ತದೆ. ಅಲ್ಲಿಯೇ "ಪರ್ಸಿಸ್ಟೆಂಟ್ ಕೀಪ್‌ಅಲೈವ್" ಅನ್ನುವುದಕ್ಕೆ 25 ಕೊಡಿ. ಮಾತಿಲ್ಲದೆ ಸುಮ್ಮನಿದ್ದರೆ ಬಾಗಿಲಲ್ಲಿ ಕೂತವರು ಗುರುತು ಮರೆಯುತ್ತಾರೆ, ನಮಗಿಲ್ಲಿ ಎರಡು ಬಾಗಿಲು. 25 ಸೆಕೆಂಡಿಗೊಮ್ಮೆ ಒಂದು ಸಣ್ಣ ಪ್ಯಾಕೆಟ್ ಹೋಗುತ್ತಿದ್ದರೆ ದಾರಿ ತೆರೆದಿರುತ್ತದೆ.

6. ಸುರಂಗ ಮುರಿದರೆ ನೆಟ್ ನಿಲ್ಲಲಿ

ಇದಕ್ಕೆ "ಕಿಲ್ ಸ್ವಿಚ್" ಅನ್ನುತ್ತಾರೆ. ವಿಪಿಎನ್ ಬಿದ್ದಾಗ ರೌಟರ್ ಗುಟ್ಟಾಗಿ ಹಳೇ ದಾರಿ ಹಿಡಿಯಬಾರದು. ತಯಾರು ರೌಟರ್‌ಗಳಲ್ಲಿ ಒಂದು ಗುಂಡಿ ಇರುತ್ತದೆ, ಒತ್ತಿದರೆ ಆಯಿತು. ಓಪನ್‌ಡಬ್ಲ್ಯೂಆರ್‌ಟಿಯಲ್ಲಿ ಫೈರ್‌ವಾಲ್ ಪುಟಕ್ಕೆ ಹೋಗಿ ವಿಪಿಎನ್‌ಗೆ ಒಂದು ಹೊಸ ವಲಯ ಮಾಡಿ. "ಮಾಸ್ಕರೇಡಿಂಗ್" (ಇದೇ ನ್ಯಾಟ್) ಮತ್ತು "ಎಂಎಸ್‌ಎಸ್ ಕ್ಲ್ಯಾಂಪಿಂಗ್" (ಪ್ಯಾಕೆಟ್ ಸುರಂಗದ ಅಳತೆ ಮೀರದಂತೆ ನೋಡುವುದು) ಎರಡಕ್ಕೂ ಟಿಕ್ ಹಾಕಿ. ಲ್ಯಾನ್‌ನಿಂದ ವಿಪಿಎನ್‌ಗೆ ದಾರಿ ಕೊಡಿ. ಲ್ಯಾನ್‌ನಿಂದ ವ್ಯಾನ್‌ಗೆ ಇರುವ ದಾರಿ ತೆಗೆಯಿರಿ. ಈ ಕೊನೆಯ ಸಾಲೇ ಕಿಲ್ ಸ್ವಿಚ್.

7. ಎರಡು ಸೋರಿಕೆ ಮುಚ್ಚಿ

ಮೊದಲನೆಯದು ಡಿಎನ್‌ಎಸ್. ಸೈಟಿನ ಹೆಸರನ್ನು ಐಪಿ ನಂಬರಿಗೆ ಬದಲಿಸಿ ಕೊಡುವ ಸೇವೆ ಅದು. ಒಳ ರೌಟರ್ ತನಗೆ ಗೊತ್ತಿಲ್ಲದ ಹೆಸರನ್ನು ಹೊರ ರೌಟರಿಗೆ ಕೇಳುತ್ತದೆ, ಅದು ನೆಟ್ ಕಂಪನಿಗೆ ಕೇಳುತ್ತದೆ. ಆಗ ನೀವು ಹೋಗುವ ಸೈಟ್‌ಗಳ ಹೆಸರು ಅವರಿಗೆ ಸಿಕ್ಕಿತು, ಸುರಂಗ ಇದ್ದೂ ಉಪಯೋಗ ಇಲ್ಲ. ಓಪನ್‌ಡಬ್ಲ್ಯೂಆರ್‌ಟಿಯಲ್ಲಿ ಲ್ಯಾನ್ ಇಂಟರ್‌ಫೇಸಿನ ಡಿಎಚ್‌ಸಿಪಿ ಆಯ್ಕೆಗಳಲ್ಲಿ 6, ಅಲ್ಪವಿರಾಮ, ಆಮೇಲೆ ನಿಮ್ಮ ವೈರ್‌ಗಾರ್ಡ್ ಫೈಲಿನಲ್ಲಿರುವ ಡಿಎನ್‌ಎಸ್ ನಂಬರ್ ಬರೆಯಿರಿ. ಫೈಲಿನಲ್ಲಿ 10.2.0.1 ಇದ್ದರೆ "6,10.2.0.1" ಅಂತ. ಫೋನು, ಲ್ಯಾಪ್‌ಟಾಪ್ ನೇರ ಸುರಂಗದೊಳಗಿನ ಡಿಎನ್‌ಎಸ್‌ಗೇ ಕೇಳುತ್ತವೆ. ರೌಟರ್ ತನ್ನ ಸ್ವಂತ ಕೆಲಸಕ್ಕೆ ಮಾತ್ರ ಹೊರ ರೌಟರನ್ನು ಕೇಳುತ್ತದೆ. ಹೀಗೆ ಬೇರೆ ಮಾಡಿದ್ದರಿಂದ ಕರೆಂಟ್ ಹೋಗಿ ಬಂದಾಗ, ಸುರಂಗ ಏಳುವ ಮೊದಲೂ ರೌಟರಿಗೆ ಹೆಸರು ಕೇಳಲು ದಾರಿ ಇರುತ್ತದೆ.

ಎರಡನೆಯದು ಐಪಿವಿ6, ಅಂದರೆ ಐಪಿ ವಿಳಾಸದ ಹೊಸ ಪದ್ಧತಿ. ಹಳೆಯದು ಐಪಿವಿ4. ನಿಮ್ಮ ವಿಪಿಎನ್ ಐಪಿವಿ4 ಮಾತ್ರ ಹೊತ್ತೊಯ್ದು, ಹೊರ ರೌಟರ್ ಐಪಿವಿ6 ಕೂಡ ಕೊಡುತ್ತಿದ್ದರೆ ಅರ್ಧ ಸಂಚಾರ ಪಕ್ಕದ ದಾರಿಯಲ್ಲಿ ಹೋಗಿಬಿಡಬಹುದು. ಒಳ ರೌಟರಿನಲ್ಲಿ ವ್ಯಾನ್6 (ವ್ಯಾನ್‌ನ ಐಪಿವಿ6 ಇಂಟರ್‌ಫೇಸ್) ನಿಲ್ಲಿಸಿ, ಲ್ಯಾನ್‌ನಲ್ಲಿ ಐಪಿವಿ6 ಹಂಚುವುದನ್ನೂ ನಿಲ್ಲಿಸಿ.

8. ಪರೀಕ್ಷೆ

ಒಳ ವೈ-ಫೈಯಲ್ಲಿ ಐಪಿಲೀಕ್ ಡಾಟ್ ನೆಟ್ ತೆರೆಯಿರಿ. ಐಪಿ ಮತ್ತು ಡಿಎನ್‌ಎಸ್ ಎರಡೂ ವಿಪಿಎನ್ ಕಡೆಯದ್ದಾಗಿರಬೇಕು. ಹೊರ ವೈ-ಫೈಗೆ ಬದಲಿಸಿ ನೋಡಿದರೆ ನಿಮ್ಮ ನೆಟ್ ಕಂಪನಿಯ ಹೆಸರು ಬರಬೇಕು. ಆಮೇಲೆ ವೈರ್‌ಗಾರ್ಡ್ ಇಂಟರ್‌ಫೇಸ್ ನಿಲ್ಲಿಸಿ. ಒಳ ವೈ-ಫೈಯಲ್ಲಿ ಏನೂ ತೆರೆಯಬಾರದು. ತೆರೆದರೆ 6ನೇ ಹಂತಕ್ಕೆ ವಾಪಸ್ ಹೋಗಿ. ಫೋನಿನ ಮೊಬೈಲ್ ಡೇಟಾ ಆಫ್ ಮಾಡಿಯೇ ಪರೀಕ್ಷಿಸಿ.

ಕರೆಂಟ್ ಹೋಗಿ ಬಂದ ಮೇಲೆ ವಿಪಿಎನ್ ಏಳದಿದ್ದರೆ

ಮಳೆಗಾಲದಲ್ಲಿ ಈ ದೂರು ಜಾಸ್ತಿ. ಕಾರಣ ಗಡಿಯಾರ. ಎಷ್ಟೋ ರೌಟರ್‌ಗಳಲ್ಲಿ ಬ್ಯಾಟರಿ ಇರುವ ಗಡಿಯಾರ ಇರುವುದಿಲ್ಲ. ಕರೆಂಟ್ ಹೋಗಿ ಬಂದರೆ ರೌಟರ್ ಹಳೇ ಯಾವುದೋ ದಿನಾಂಕದಿಂದ ಶುರು ಮಾಡುತ್ತದೆ. ವೈರ್‌ಗಾರ್ಡಿನ ಮೊದಲ ಮಾತಿನಲ್ಲೇ ಸಮಯದ ಮುದ್ರೆ ಇರುತ್ತದೆ. ಹಿಂದಿನ ಸಲಕ್ಕಿಂತ ಹಳೆಯ ಮುದ್ರೆ ಬಂದರೆ ಸರ್ವರ್ ಅದನ್ನು ಸುಮ್ಮನೆ ಬಿಟ್ಟುಬಿಡುತ್ತದೆ. ಸಮಯ ಸರಿ ಮಾಡಿಕೊಳ್ಳಲು ರೌಟರಿಗೆ ನೆಟ್ ಬೇಕು, ನೆಟ್ ಹೋಗುವುದು ಸುರಂಗದಲ್ಲಿ, ಸುರಂಗ ಏಳಲು ಸಮಯ ಸರಿ ಇರಬೇಕು. ಹೀಗೆ ಗಂಟು ಬೀಳುತ್ತದೆ.

ತಕ್ಷಣಕ್ಕೆ: ವೈರ್‌ಗಾರ್ಡ್ ಇಂಟರ್‌ಫೇಸ್ ನಿಲ್ಲಿಸಿ, ಒಂದೆರಡು ನಿಮಿಷ ಬಿಟ್ಟು ರೌಟರಿನ ಸಮಯ ಸರಿಯಾಗಿದೆಯಾ ನೋಡಿ, ಮತ್ತೆ ಶುರು ಮಾಡಿ. ಕಾಯಂ ಪರಿಹಾರಕ್ಕೆ ಸಮಯದ ಸರ್ವರ್ ಆಗಿ 162.159.200.1 ಹಾಕಿ (ಇದು ಕ್ಲೌಡ್‌ಫ್ಲೇರ್‌ನದು). ಆ ಒಂದು ವಿಳಾಸಕ್ಕೆ ಮಾತ್ರ ವ್ಯಾನ್ ಮೂಲಕ, ಹೊರ ರೌಟರನ್ನೇ ಗೇಟ್‌ವೇ ಮಾಡಿ ಸ್ಟ್ಯಾಟಿಕ್ ರೂಟ್ (ಸುರಂಗಕ್ಕೆ ಇಳಿಯದ ಕಾಯಂ ದಾರಿ) ಬರೆಯಿರಿ. ಗಂಟು ಬಿಚ್ಚುತ್ತದೆ. ಎರಡೂ ರೌಟರಿಗೆ ಸೇರಿ ಒಂದು ಸಣ್ಣ ಯುಪಿಎಸ್ ಇಟ್ಟರೆ ಇನ್ನೂ ನೆಮ್ಮದಿ. ಎರಡರ ವೋಲ್ಟೇಜ್ ಒಂದೇನಾ ಅಂತ ಅಡಾಪ್ಟರ್ ಮೇಲೆ ಓದಿಯೇ ಕೊಳ್ಳಿ. ಕೆಲವು 12 ವೋಲ್ಟ್, ಚಿಕ್ಕವು 5 ವೋಲ್ಟ್.

ಕೆಲವು ಸೈಟ್ ತೆರೆಯುತ್ತವೆ, ಕೆಲವು ಸುತ್ತುತ್ತಲೇ ಇರುತ್ತವೆ

ವಾಟ್ಸ್ಆ್ಯಪ್ ಮಾತು ಹೋಗುತ್ತದೆ, ಫೋಟೋ ಹೋಗುವುದಿಲ್ಲ. ಇದು ಎಂಟಿಯು ತೊಂದರೆ. ಎಂಟಿಯು ಅಂದರೆ ಒಂದು ಪ್ಯಾಕೆಟ್ ಎಷ್ಟು ದೊಡ್ಡದಿರಬಹುದು ಅನ್ನುವ ಮಿತಿ. ವೈರ್‌ಗಾರ್ಡ್ ತನ್ನ ಹೊದಿಕೆಗೆ ಜಾಗ ಬಿಟ್ಟು 1420 ಇಟ್ಟುಕೊಳ್ಳುತ್ತದೆ. ಮುಂದೆ ಎಲ್ಲೋ ದಾರಿ ಕಿರಿದಾಗಿದ್ದರೆ ಒಳ ರೌಟರಿಗೆ ಅದು ಕಾಣುವುದಿಲ್ಲ, ಮಧ್ಯೆ ಹೊರ ರೌಟರ್ ಇದೆ. ಹೊರ ರೌಟರ್ 4ಜಿ ಅಥವಾ 5ಜಿ ಸಿಮ್ಮಿನದ್ದಾದರೆ ಇದನ್ನೇ ಮೊದಲು ಅನುಮಾನಿಸಿ. ವೈರ್‌ಗಾರ್ಡ್ ಇಂಟರ್‌ಫೇಸಿನ ಎಂಟಿಯು 1380 ಮಾಡಿ ನೋಡಿ. ಆಗದಿದ್ದರೆ 1280.

ಆಫೀಸಿನ ವಿಪಿಎನ್ ಬಗ್ಗೆ

ಕಂಪನಿ ಕೊಟ್ಟ ವಿಪಿಎನ್ ಅನ್ನು ಅವರ ಐಟಿ ವಿಭಾಗಕ್ಕೆ ಕೇಳದೆ ಮನೆಯ ರೌಟರಿಗೆ ಹಾಕಬೇಡಿ. ಮಕ್ಕಳ ಫೋನೂ ಟಿವಿಯೂ ಆಫೀಸಿನ ನೆಟ್‌ವರ್ಕ್ ಒಳಗೆ ಹೋದ ಹಾಗಾಗುತ್ತದೆ. ಕೆಲಸಕ್ಕೇ ಕುತ್ತು ತರುವ ವಿಷಯ ಇದು. ಆಫೀಸ್ ಲ್ಯಾಪ್‌ಟಾಪ್ ಹೊರ ವೈ-ಫೈಯಲ್ಲಿ, ಅದರದೇ ಆ್ಯಪಿನಲ್ಲಿ ಇರಲಿ.

ಬ್ಯಾಡಗಿಯವರ ಪ್ರಶ್ನೆ: ಹೊರಗಿನಿಂದ ಒಳಗೆ

ಮನೆಯಿಂದ ಅಂಗಡಿಯ ಲೆಕ್ಕದ ಕಂಪ್ಯೂಟರ್ ನೋಡಬೇಕು ಅಂದರೆ ಅಂಗಡಿಯ ಒಳ ರೌಟರ್ ವಿಪಿಎನ್ ಸರ್ವರ್ ಆಗಬೇಕು. ಈಗ ಡಬಲ್ ನ್ಯಾಟ್ ನಿಜವಾಗಿ ಅಡ್ಡ ಬರುತ್ತದೆ. ಹೊರ ರೌಟರಿನಲ್ಲಿ ಒಳ ರೌಟರಿಗೆ ಒಂದು ಕಾಯಂ ವಿಳಾಸ ಕೊಟ್ಟು, ಯುಡಿಪಿ 51820 ಪೋರ್ಟನ್ನು (ವೈರ್‌ಗಾರ್ಡ್ ಬಳಸುವ ಕಿಂಡಿ) ಅದಕ್ಕೆ ಫಾರ್ವರ್ಡ್ ಮಾಡಬೇಕು. ಒಳ ರೌಟರಿನ ಫೈರ್‌ವಾಲಿನಲ್ಲೂ ವ್ಯಾನ್‌ನಿಂದ ಆ ಪೋರ್ಟ್ ತೆರೆಯಬೇಕು.

ಅದಕ್ಕೂ ಮೊದಲು ಹೊರ ರೌಟರಿನ ವ್ಯಾನ್ ಐಪಿ ನೋಡಿ. ಅದು 100.64ರಿಂದ 100.127ರ ನಡುವೆ ಶುರುವಾಗಿದ್ದರೆ ನೆಟ್ ಕಂಪನಿಯೇ ಮೂರನೆಯ ಬಾಗಿಲು ಹಾಕಿದೆ ಎಂದರ್ಥ. ಇದಕ್ಕೆ ಸಿಜಿನ್ಯಾಟ್ ಅನ್ನುತ್ತಾರೆ. ಆಗ ನೀವು ಎಷ್ಟೇ ಪೋರ್ಟ್ ತೆರೆದರೂ ಹೊರಗಿನವರು ಒಳಗೆ ಬರಲಾರರು. ಕಂಪನಿಯಿಂದ ಸ್ಟ್ಯಾಟಿಕ್ ಐಪಿ (ನಿಮಗೊಬ್ಬರಿಗೇ ಇರುವ, ಬದಲಾಗದ ವಿಳಾಸ) ಕೇಳಿ ಪಡೆಯಬಹುದು, ಅದಕ್ಕೆ ಬೇರೆ ಹಣ ಕೊಡಬೇಕಾಗುತ್ತದೆ. ಅಂಗಡಿಯವರಿಗೆ ನಾನು ಹೇಳುವ ಸುಲಭ ದಾರಿ ಟೇಲ್‌ಸ್ಕೇಲ್. ಅದೂ ವೈರ್‌ಗಾರ್ಡ್ ಮೇಲೆಯೇ ನಿಂತಿದೆ. ಎರಡೂ ಕಡೆಯಿಂದ ಹೊರಗೆ ಹೊರಟು ನಡುವೆ ಭೇಟಿಯಾಗುತ್ತದೆ, ಪೋರ್ಟ್ ತೆರೆಯುವ ಗೋಜಿಲ್ಲ. ಅಂಗಡಿಯ ಕಂಪ್ಯೂಟರಿಗೆ ಮತ್ತು ನಿಮ್ಮ ಲ್ಯಾಪ್‌ಟಾಪಿಗೆ ಹಾಕಿ ಒಂದೇ ಖಾತೆಯಲ್ಲಿ ಲಾಗಿನ್ ಆದರೆ ಸಾಕು.

ರೌಟರಿನಲ್ಲೇ ಮಾಡುತ್ತೀರಿ ಅಂದರೆ ಮನೆಯ ಮತ್ತು ಅಂಗಡಿಯ ವಿಳಾಸದ ಸಾಲು ಬೇರೆ ಬೇರೆ ಇಡಿ. ಮನೆಯಲ್ಲಿ 192.168.50, ಅಂಗಡಿಯಲ್ಲಿ 192.168.60. ಎರಡೂ ಕಡೆ 192.168.1 ಇದ್ದರೆ ಅಂಗಡಿಯ ಕಂಪ್ಯೂಟರನ್ನು ನಿಮ್ಮ ಲ್ಯಾಪ್‌ಟಾಪ್ ಮನೆಯೊಳಗೇ ಹುಡುಕುತ್ತಾ ಕೂರುತ್ತದೆ.